ದಾಟುವವರನ್ನೂ ಲೆಕ್ಕಕ್ಕೆ ತಗೊಳ್ಳಿ: ಹೊನ್ನಾವರದಿಂದ ಹೆದ್ದಾರಿ ಅಧಿಕಾರಿಗಳಿಗೆ ಒಂದು ಪತ್ರ

ಹೆದ್ದಾರಿಯ ನಕ್ಷೆ ಬರೆಯುವ ಇಂಜಿನಿಯರ್‌ಗಳಿಗೆ, ಅದಕ್ಕೆ ಸಹಿ ಹಾಕುವ ಅಧಿಕಾರಿಗಳಿಗೆ, ನಮ್ಮ ಜಿಲ್ಲಾಡಳಿತಕ್ಕೆ,

ನಮಸ್ಕಾರ.

ಹೊನ್ನಾವರದಲ್ಲಿ ನನ್ನದೊಂದು ಸಣ್ಣ ಜೆರಾಕ್ಸ್ ಅಂಗಡಿ. ಹೆದ್ದಾರಿಯಿಂದ ಹತ್ತು ಹೆಜ್ಜೆ. ಬೆಳಿಗ್ಗೆ ಶಟರ್ ಎತ್ತಿದ ಹೊತ್ತಿನಿಂದ ರಾತ್ರಿ ಎಳೆಯುವ ತನಕ ಕಣ್ಣೆದುರು ರಸ್ತೆಯೇ. ಕೇರಳದ ಮೀನಿನ ಲಾರಿ, ಗೋವಾಕ್ಕೆ ಹೊರಟ ಟೂರಿಸ್ಟ್ ಬಸ್ಸು, ಗ್ಯಾಸ್ ಟ್ಯಾಂಕರ್, ಇಡಗುಂಜಿ ಗಣಪತಿಗೆ ಹೋಗುವ ಟೆಂಪೊ, ಎಲ್ಲ ಇಲ್ಲೇ ಹಾಯಬೇಕು. ಪನ್ವೇಲ್‌ನಿಂದ ಕನ್ಯಾಕುಮಾರಿಗೆ ಹೋಗುವ 66ನೇ ಹೆದ್ದಾರಿ ನಮ್ಮ ಪೇಟೆಯ ನಡುವೆ ಹಾದುಹೋಗುತ್ತದೆ. ಸಾಗರದಿಂದ ಗೇರುಸೊಪ್ಪ ಘಾಟಿ ಇಳಿದು ಬರುವ 69ನೇ ಹೆದ್ದಾರಿ ಬಂದು ಸೇರುವುದೂ ಇಲ್ಲೇ. ಇದನ್ನು ನಮ್ಮ ಹಿರಿಯರು ಈಗಲೂ 206 ಅಂತಲೇ ಕರೆಯುತ್ತಾರೆ. ಇದರ ಜೊತೆಗೆ ಶರಾವತಿ ಹೊಳೆ, ಅದರ ಸೇತುವೆ. ಎರಡು ಹೆದ್ದಾರಿ, ಒಂದು ಹೊಳೆ, ಒಂದು ಸಣ್ಣ ಪೇಟೆ. ಇಷ್ಟು ಜಾಗದಲ್ಲಿ ಇಷ್ಟೆಲ್ಲ.

ನಾಲ್ಕು ಲೇನ್ ಕೆಲಸದ ಮಾತು ಕೇಳುತ್ತಾ ನಮಗೆ ಹತ್ತು ವರ್ಷಕ್ಕೂ ಜಾಸ್ತಿ ಆಯಿತು. ಪಟ್ಟಣದೊಳಗೆ 30 ಮೀಟರ್ ಅಗಲ ಸಾಕೋ, 45 ಬೇಕೋ ಎಂಬ ಹಗ್ಗಜಗ್ಗಾಟ ನೋಡಿದ್ದೇವೆ. ಫ್ಲೈಓವರ್ ಬೇಕು ಎಂಬ ಕೂಗು ಕೇಳಿದ್ದೇವೆ, ನಾವೂ ಕೂಗಿದ್ದೇವೆ. ಇಂಥದ್ದೇ ಬೇಕು ಎಂದು ಹಟ ಹಿಡಿಯಲು ಇದನ್ನು ಬರೆಯುತ್ತಿಲ್ಲ. ನಮ್ಮ ಪೇಟೆಯ ಸರ್ಕಲ್‌ಗೆ ಮತ್ತು ಶರಾವತಿ ಸೇತುವೆಗೆ ಏನೇ ಯೋಜನೆ ಮಾಡಿ, ಪೆನ್ಸಿಲ್ ಹಿಡಿಯುವ ಮೊದಲು ಒಂದು ಕೆಲಸ ಮಾಡಿ ಎಂದು ಕೇಳಲು ಬರೆಯುತ್ತಿದ್ದೇನೆ. ಈ ರಸ್ತೆಯಲ್ಲಿ ಹಾದುಹೋಗುವವರನ್ನು ನೀವು ಎಣಿಸುತ್ತೀರಿ. ಈ ರಸ್ತೆಯನ್ನು ದಾಟುವವರನ್ನೂ ಎಣಿಸಿ.

ಈ ಮಾತು ನನಗೆ ಎಲ್ಲಿಂದ ಬಂತು ಎಂದು ಹೇಳುತ್ತೇನೆ. ಕೆಲವು ವರ್ಷದ ಹಿಂದೆ ಇಬ್ಬರು ಹುಡುಗರು ಅಂಗಡಿಗೆ ಬಂದು ಒಂದು ಹಾಳೆ ಕೊಟ್ಟರು. ಐವತ್ತು ಪ್ರತಿ ಬೇಕು ಎಂದರು. ಅದು ವಾಹನ ಎಣಿಸುವ ಫಾರ್ಮ್. ಕಾರು, ಜೀಪು, ಬಸ್ಸು, ಎರಡು ಆಕ್ಸಲ್ ಲಾರಿ, ಮೂರು ಆಕ್ಸಲ್ ಲಾರಿ, ಆಟೊ, ಬೈಕು, ಸೈಕಲ್ಲು. ಎಲ್ಲದಕ್ಕೂ ಒಂದೊಂದು ಕಾಲಂ. ಎತ್ತಿನಗಾಡಿಗೂ ಒಂದು ಕಾಲಂ ಇತ್ತು. ನಮ್ಮ ಪೇಟೆಯಲ್ಲಿ ಎತ್ತಿನಗಾಡಿ ನೋಡಿ ಎಷ್ಟು ವರ್ಷವಾಯಿತೋ. ನಡೆದು ದಾಟುವ ಮನುಷ್ಯರಿಗೆ ಮಾತ್ರ ಕಾಲಂ ಇರಲಿಲ್ಲ. ಆ ಹುಡುಗರದ್ದು ಇದರಲ್ಲಿ ತಪ್ಪೇನೂ ಇಲ್ಲ. ಬಿಸಿಲಿನಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಕೂತು ಪಾಪ ನಿಯತ್ತಾಗಿ ಗೀಟು ಎಳೆದರು. ಅವರ ಮುಂದೆಯೇ ಸಾವಿರಾರು ಜನ ಆಚೀಚೆ ದಾಟಿದರು. ಒಬ್ಬರೂ ಆ ಹಾಳೆಯಲ್ಲಿ ಬರಲಿಲ್ಲ.

ಆಮೇಲೆ ಕುತೂಹಲಕ್ಕೆ ಕೇಳಿ, ಓದಿ ತಿಳಿದುಕೊಂಡೆ. ನಿಮ್ಮ ಲೆಕ್ಕದಲ್ಲಿ ಒಂದು ಕಾರು ಅಂದರೆ ಒಂದು. ಬಸ್ಸು, ಲಾರಿ ಅಂದರೆ ಮೂರು. ಬೈಕು ಅರ್ಧ. ಇವನ್ನೆಲ್ಲ ಕೂಡಿಸಿ ಎಷ್ಟು ಲೇನ್ ಬೇಕು ಎಂದು ತೀರ್ಮಾನ ಮಾಡುತ್ತೀರಿ. ಈ ಲೆಕ್ಕದಲ್ಲಿ ನನ್ನ ಆಯಿ, ಅಂದರೆ ನನ್ನ ತಾಯಿ, ಸೊನ್ನೆ.

ಆದರೆ ನಡೆಯುವವರ ಲೆಕ್ಕವೂ ನಿಮ್ಮ ಪುಸ್ತಕದಲ್ಲೇ ಇದೆಯಂತೆ. ಇಂಡಿಯನ್ ರೋಡ್ಸ್ ಕಾಂಗ್ರೆಸ್ ಪಾದಚಾರಿಗಳಿಗೆಂದೇ ಒಂದು ಮಾರ್ಗಸೂಚಿ ಮಾಡಿದೆ, 103ನೇ ಸಂಖ್ಯೆಯದ್ದು. ಜನಜಂಗುಳಿ ಹೆಚ್ಚಿರುವ ಒಂದು ಗಂಟೆಯಲ್ಲಿ ಎಷ್ಟು ಜನ ದಾಟುತ್ತಾರೆ, ಎಷ್ಟು ವಾಹನ ಹಾಯುತ್ತವೆ ಎಂದು ಎಣಿಸಬೇಕು. ವಾಹನದ ಸಂಖ್ಯೆಯನ್ನು ಅದರಿಂದಲೇ ಗುಣಿಸಿ, ಬಂದದ್ದನ್ನು ಜನರ ಸಂಖ್ಯೆಯಿಂದ ಗುಣಿಸಬೇಕು. ಉತ್ತರ ಒಂದು ಮಿತಿ ಮೀರಿದರೆ ಅಲ್ಲಿ ಜನ ದಾಟಲು ಪ್ರತ್ಯೇಕ ವ್ಯವಸ್ಥೆ ಬೇಕೇ ಬೇಕು. ಅಂದರೆ ನಾನು ಕೇಳುವುದು ಹೊಸದೇನಲ್ಲ. ನಿಮ್ಮದೇ ಲೆಕ್ಕವನ್ನು ನಮ್ಮ ಶರಾವತಿ ಸರ್ಕಲ್‌ನಲ್ಲಿ, ಗೇರುಸೊಪ್ಪ ಸರ್ಕಲ್‌ನಲ್ಲಿ ಮಾಡಿ ಎಂದಷ್ಟೇ.

ಮಾಡುವಾಗ ದಿನ ನೋಡಿ ಮಾಡಿ. ಏಪ್ರಿಲ್‌ನಲ್ಲಿ ಶಾಲೆಗೆ ರಜೆ ಇರುವಾಗ ಬಂದು ಎಣಿಸಿದರೆ ಹೊನ್ನಾವರ ಖಾಲಿ ಕಾಣುತ್ತದೆ. ಸಂತೆಯ ದಿನ ಎಣಿಸಿ. ಸಂಕಷ್ಟಿಯ ದಿನ ಎಣಿಸಿ. ಜುಲೈ ತಿಂಗಳಲ್ಲಿ ಮಳೆ ಹೊಡೆಯುವಾಗ ಒಂದು ದಿನ ಎಣಿಸಿ. ಮಳೆಯಲ್ಲಿ ದಾಟುವುದೆಂದರೆ ಬೇರೆಯೇ. ಕೊಡೆ ಒಂದು ಕೈಯಲ್ಲಿ, ಚೀಲ ಇನ್ನೊಂದು ಕೈಯಲ್ಲಿ, ಗಾಳಿಗೆ ಕೊಡೆ ಮುಖಕ್ಕೇ ಬಾಗಿರುತ್ತದೆ. ಬಲಗಡೆಯಿಂದ ಏನು ಬರುತ್ತಿದೆ ಎಂದು ಕಾಣುವುದಿಲ್ಲ. ಲಾರಿಯವನಿಗೂ ಇವರು ಕಾಣುವುದಿಲ್ಲ.

ಆಯಿಯ ವಿಷಯ ಹೇಳಿದೆನಲ್ಲ. ಅವಳಿಗೆ 74. ಬೆಳಿಗ್ಗೆ ಆಚೆ ಬದಿಗೆ ಹೋಗಿ ಹೂವು, ಬಸಳೆ, ಮಾವಿನಮಿಡಿಯ ಕಾಲದಲ್ಲಿ ಮಿಡಿ ತರುವುದು ಅವಳ ಅಭ್ಯಾಸ. ನಾನು ತಂದುಕೊಡುತ್ತೇನೆ ಅಂದರೆ ಒಪ್ಪುವುದಿಲ್ಲ, ನನಗೆ ಆರಿಸಲು ಬರುವುದಿಲ್ಲ ಅನ್ನುತ್ತಾಳೆ. ಒಂದು ದಿನ ಅಂಗಡಿಯಿಂದ ಅವಳನ್ನು ನೋಡುತ್ತಾ ನಿಂತೆ. ಬದಿಯಲ್ಲಿ ನಿಂತಳು. ಒಂದು ಹೆಜ್ಜೆ ಮುಂದಿಟ್ಟಳು, ಹಿಂದೆ ಬಂದಳು. ಮತ್ತೆ ಇಟ್ಟಳು, ಮತ್ತೆ ಹಿಂದೆ. ಪಕ್ಕದಲ್ಲಿ ಬುಟ್ಟಿ ಹೊತ್ತ ಮೀನಿನ ಅಕ್ಕ ಬಂದು ನಿಂತಳು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದರು. ಆ ಅಕ್ಕ ಒಂದು ಕೈಯಲ್ಲಿ ಬುಟ್ಟಿ ಹಿಡಿದು ಇನ್ನೊಂದು ಕೈ ಎತ್ತಿ ಲಾರಿಗೆ ತೋರಿಸಿ, ಆಯಿಯ ರಟ್ಟೆ ಹಿಡಿದು ಎಳೆದುಕೊಂಡೇ ದಾಟಿದಳು. ಚಪ್ಪಲಿಯೊಂದು ರಸ್ತೆಯ ನಡುವೆ ಉಳಿಯಿತು. ಅದನ್ನು ತರಲು ಆಯಿ ತಿರುಗಿದ್ದನ್ನು ನೋಡಿ ನನ್ನ ಎದೆ ಒಡೆದುಹೋದಂತಾಯಿತು. ಹೋಗಲಿಲ್ಲ ಪುಣ್ಯಕ್ಕೆ. ಆ ಅಕ್ಕ ಬಿಡಲಿಲ್ಲ.

ಅವತ್ತು ರಾತ್ರಿ ಅಂಗಡಿಯಲ್ಲಿ ಕೂತು ಲೆಕ್ಕ ಹಾಕಿದೆ. ಒಂದು ಬದಿಯ ಎರಡು ಲೇನ್ ಸೇರಿದರೆ ಸುಮಾರು ಏಳು ಮೀಟರ್. ಆಯಿ ಸೆಕೆಂಡಿಗೆ ಮುಕ್ಕಾಲು ಮೀಟರ್ ನಡೆಯುತ್ತಾಳೆ. ಒಂದು ಬದಿ ದಾಟಲು ಅವಳಿಗೆ ಒಂಬತ್ತು ಸೆಕೆಂಡ್ ಮೇಲೇ ಬೇಕು. ಗಂಟೆಗೆ 60 ಕಿಲೋಮೀಟರ್ ವೇಗದ ಲಾರಿ ಅಷ್ಟು ಹೊತ್ತಿನಲ್ಲಿ 150 ಮೀಟರ್ ಬಂದುಬಿಡುತ್ತದೆ. ಅದೇ 30ರಲ್ಲಿ ಬಂದರೆ 75 ಮೀಟರ್, ಬ್ರೇಕ್ ಒತ್ತಲೂ ಸಮಯ ಸಿಗುತ್ತದೆ. ಆಯಿಯನ್ನು ಜೋರಾಗಿ ನಡೆಸಲು ನಮ್ಮಿಂದ ಆಗುವುದಿಲ್ಲ. ಲಾರಿಯನ್ನು ನಿಧಾನ ಮಾಡಿಸಲು ನಿಮ್ಮಿಂದ ಆಗುತ್ತದೆ.

ಫ್ಲೈಓವರ್ ಬರುವವರೆಗೆ ಕಾಯಬೇಕಾಗಿಲ್ಲ ಎಂದು ನನಗೆ ಅನಿಸುವುದು ಇದಕ್ಕೇ. ದಾಟುವ ಜಾಗದಲ್ಲಿ ರಸ್ತೆಯನ್ನೇ ಸ್ವಲ್ಪ ಎತ್ತರಿಸಿ ಅಗಲವಾದ ಜೀಬ್ರಾ ಪಟ್ಟಿ ಮಾಡಿ. ನಡುವಿನ ಡಿವೈಡರ್‌ನಲ್ಲಿ ಎರಡು ಮೀಟರ್ ಅಗಲದ ನಿಲ್ಲುವ ಜಾಗ ಕೊಡಿ, ಅರ್ಧ ದಾಟಿ ಉಸಿರು ಬಿಟ್ಟು ಇನ್ನರ್ಧ ದಾಟಬಹುದು. ಬಸ್ಸು ನಿಲ್ಲುವ ಜಾಗವನ್ನು ಸರ್ಕಲ್‌ನ ಬಾಯಿಯಿಂದ ಸ್ವಲ್ಪ ಮುಂದಕ್ಕೆ ಸರಿಸಿ. ಈಗ ಬಸ್ಸು ನಿಂತರೆ ಅದರ ಹಿಂದಿನಿಂದ ಓಡಿಬರುವ ಮಗು ಯಾರಿಗೂ ಕಾಣುವುದಿಲ್ಲ. ಒಳ್ಳೆಯ ಲೈಟ್ ಹಾಕಿ. ಇದಕ್ಕೆಲ್ಲ ಕೋಟಿಗಟ್ಟಲೆ ಹಣ ಬೇಡ, ಜಾಗವೂ ಬೇಡ.

ಇನ್ನು ಫ್ಲೈಓವರ್ ಆಗುವುದಾದರೆ ಯಾವ ಥರದ್ದು ಎನ್ನುವುದು ನಮಗೆ ಬದುಕಿನ ಪ್ರಶ್ನೆ. ಎರಡೂ ಬದಿಗೆ ಕಾಂಕ್ರೀಟ್ ಹಲಗೆ ಜೋಡಿಸಿ ಒಳಗೆ ಮಣ್ಣು ತುಂಬಿ ಏರಿಸುವುದು ಒಂದು ಥರ. ಕಂಬಗಳ ಮೇಲೆ ಹೋಗುವುದು ಇನ್ನೊಂದು. ಮಣ್ಣಿನದ್ದು ಅಗ್ಗ, ಗೊತ್ತು. ಆದರೆ ಅದು ಊರಿನ ನಡುವೆ ಗೋಡೆ. ಈ ಬದಿಯ ಅಂಗಡಿಯವನು ಆ ಬದಿಯ ಗಿರಾಕಿಯ ಮುಖ ನೋಡಲು ಅರ್ಧ ಕಿಲೋಮೀಟರ್ ಸುತ್ತಬೇಕು. ಎಲ್ಲೋ ಒಂದು ಅಂಡರ್‌ಪಾಸ್ ಕೊಡುತ್ತೇವೆ ಅನ್ನುತ್ತೀರಿ. ವರ್ಷಕ್ಕೆ ಮೂರು ಸಾವಿರ ಮಿಲಿಮೀಟರ್‌ಗೂ ಜಾಸ್ತಿ ಮಳೆ ಬೀಳುವ, ಸಮುದ್ರಕ್ಕೆ ಅಂಟಿಕೊಂಡ ಊರಿದು. ನೆಲ ಕೊರೆದು ಮಾಡಿದ ಅಂಡರ್‌ಪಾಸ್‌ನಲ್ಲಿ ನೀರು ಎಲ್ಲಿಗೆ ಹರಿಯಬೇಕು? ಉಬ್ಬರದ ಹೊತ್ತಿನಲ್ಲಿ ಹೊಳೆಯೇ ನೀರನ್ನು ಹಿಂದೆ ತಳ್ಳುತ್ತದೆ. ಕಲ್ಲಡ್ಕದಲ್ಲಿ ಕಂಬಗಳ ಮೇಲೆ ರಸ್ತೆ ಕೊಂಡೊಯ್ದಿದ್ದಾರೆ. ಕೆಲಸ ನಡೆಯುವಾಗ ಅಲ್ಲಿನ ಜನ ಧೂಳು, ಕೆಸರು ಎಲ್ಲ ತಿಂದರು ನಿಜ. ಆದರೆ ಊರು ಎರಡು ತುಂಡಾಗಲಿಲ್ಲ. ನಮಗೂ ಕಂಬದ್ದೇ ಕೊಡಿ. ಕೆಳಗೆ ಜಾಗ ತೆರೆದಿರಲಿ.

ಮಂಗಳೂರಿನ ಪಂಪ್‌ವೆಲ್ ಫ್ಲೈಓವರ್ ನಮಗೆಲ್ಲ ಪಾಠ. 2020ರ ಜನವರಿ 31ಕ್ಕೆ ಅದು ತೆರೆದಾಗ ಕೆಲಸ ಶುರುವಾಗಿ ಹತ್ತು ವರ್ಷದ ಹತ್ತಿರವಾಗಿತ್ತು. ಕುಂದಾಪುರದ ಶಾಸ್ತ್ರಿ ಸರ್ಕಲ್‌ನಲ್ಲೂ ವರ್ಷಗಟ್ಟಲೆ ಅರ್ಧ ಕಟ್ಟಿದ್ದನ್ನೇ ನೋಡಿದೆವು. ದೊಡ್ಡ ಊರು ಹತ್ತು ವರ್ಷ ತಡೆದುಕೊಂಡೀತು. ನಮ್ಮಂಥ ಪೇಟೆಯಲ್ಲಿ ಎರಡು ಮಳೆಗಾಲ ರಸ್ತೆ ಅಗೆದು ಬಿಟ್ಟರೆ ಅಂಗಡಿ ಬಾಗಿಲು ಹಾಕಿಕೊಂಡು ಹೋಗಬೇಕಾಗುತ್ತದೆ. ಮೊದಲು ಸರ್ವಿಸ್ ರಸ್ತೆ, ಚರಂಡಿ, ನಡೆಯುವ ದಾರಿ ಪೂರ್ತಿ ಮಾಡಿ. ಆಮೇಲೆ ನಡುವಿನ ರಸ್ತೆಗೆ ಕೈ ಹಾಕಿ. ಈ ಕ್ರಮವನ್ನು ಕಾಂಟ್ರಾಕ್ಟ್‌ನಲ್ಲೇ ಬರೆಯಿರಿ. ಬಾಯಿಮಾತಿನಲ್ಲಿ ಬೇಡ.

ಈಗ ಸೇತುವೆಗೆ ಬರುತ್ತೇನೆ. ಸರ್ಕಲ್‌ನದ್ದು ಒಂದು ಫೈಲು, ಸೇತುವೆಯದ್ದು ಇನ್ನೊಂದು ಫೈಲು ಎಂದು ಬೇರೆ ಬೇರೆ ನೋಡಬೇಡಿ ಎಂದು ನನ್ನ ಬೇಡಿಕೆ. ಮಂಗಳೂರು ಕಡೆಯಿಂದ ಬರುವ ಗಾಡಿಗೆ ಉದ್ದಕ್ಕೆ ನೇರ ಸೇತುವೆ ಸಿಗುತ್ತದೆ. ಎದುರಿಗೆ ಅಡ್ಡಿಯಿಲ್ಲ, ಚಾಲಕ ಆಕ್ಸಿಲರೇಟರ್ ಒತ್ತುತ್ತಾನೆ, ಅದು ಸಹಜ. ಆ ವೇಗ ಕಡಿಮೆಯಾಗುವ ಮೊದಲೇ ಪೇಟೆ ಬಂದಿರುತ್ತದೆ. ವೇಗ ಇಳಿಸುವ ಕೆಲಸ ಸರ್ಕಲ್‌ನಲ್ಲಿ ಅಲ್ಲ, ಸೇತುವೆಯ ತುದಿಯಲ್ಲೇ ಶುರುವಾಗಬೇಕು. ಹಾಗೆಯೇ ಸೇತುವೆಯಲ್ಲಿ ಒಂದು ಬದಿ ರಿಪೇರಿಗೆ ಮುಚ್ಚಿದರೆ ಅದರ ಬಾಲ ಬಂದು ಕೂರುವುದು ನಮ್ಮ ಸರ್ಕಲ್‌ನಲ್ಲಿ. ಎರಡೂ ಒಂದೇ ದೇಹದ ಅಂಗಗಳು.

ನಮ್ಮ ಅಪ್ಪ ಜಂಗಲ್ ಕಾಲದ ಕತೆ ಹೇಳುತ್ತಿದ್ದರು. ಸೇತುವೆ ಇಲ್ಲದಾಗ ದೋಣಿಗಳನ್ನು ಜೋಡಿಸಿ ಮೇಲೆ ಹಲಗೆ ಹಾಸಿದ ಜಂಗಲ್‌ನಲ್ಲಿ ಜನ, ಗಾಡಿ ಎಲ್ಲ ಆಚೆ ದಡದ ಕಾಸರಕೋಡಿಗೆ ದಾಟುತ್ತಿದ್ದರಂತೆ. ಹೊಳೆ ಏರಿದರೆ ಅವತ್ತಿನ ಪ್ರಯಾಣ ಅಲ್ಲಿಗೇ ನಿಂತಿತು. ಸೇತುವೆ ಬಂದಾಗ ಅವರಿಗೆ ಅದು ಹಬ್ಬ. ನಮಗೆ ಅದರ ಬೆಲೆ ಗೊತ್ತಾಗಲು 2024 ಬರಬೇಕಾಯಿತು. ಜುಲೈ 16ಕ್ಕೆ ಅಂಕೋಲಾದ ಶಿರೂರಿನಲ್ಲಿ ಗುಡ್ಡ ಕುಸಿದು ಇದೇ ಹೆದ್ದಾರಿಯ ಮೇಲೆ ಬಿತ್ತು. ಚಹಾ ಅಂಗಡಿ ನಡೆಸುತ್ತಿದ್ದ ಕುಟುಂಬವೇ ಹೋಯಿತು. ಅದಾಗಿ 22 ದಿನಕ್ಕೆ, ಆಗಸ್ಟ್ 7ರ ನಡುರಾತ್ರಿ ಕಾರವಾರದಲ್ಲಿ ಕಾಳಿ ಹೊಳೆಯ ಹಳೇ ಸೇತುವೆ ಮುರಿದು ಬಿತ್ತು. ಅದರ ಜೊತೆ ಒಂದು ಲಾರಿಯೂ ಬಿತ್ತು. ಚಾಲಕನನ್ನು ಜೀವಂತ ಮೇಲೆತ್ತಿದರು, ದೇವರು ದೊಡ್ಡವನು. ಹಗಲಿನಲ್ಲಿ ಬಿದ್ದಿದ್ದರೆ? ಇದೇ 66ನೇ ಹೆದ್ದಾರಿಯಲ್ಲಿ 2016ರ ಆಗಸ್ಟ್ 2ರಂದು ಮಹಾರಾಷ್ಟ್ರದ ಮಹಾಡ್ ಹತ್ತಿರ ಸಾವಿತ್ರಿ ನದಿಯ ಸೇತುವೆ ಪ್ರವಾಹಕ್ಕೆ ಕೊಚ್ಚಿಹೋಗಿ, ಎರಡು ಬಸ್ಸು ತುಂಬ ಜನ ನೀರುಪಾಲಾದರು. ಅದು ಬ್ರಿಟಿಷರ ಕಾಲದ ಕಲ್ಲಿನ ಸೇತುವೆ. ಕಾಳಿಯದ್ದು ನಮ್ಮ ಕಾಲದ್ದೇ ಕಾಂಕ್ರೀಟ್ ಸೇತುವೆ. ಹಳತಾದರೆ ಎರಡೂ ಒಂದೇ.

ಶರಾವತಿಗೆ ಸೇತುವೆ ಕಟ್ಟುವವರು ಮೂರು ಕಡೆಯ ಪೆಟ್ಟು ಲೆಕ್ಕ ಹಾಕಬೇಕು. ಸಮುದ್ರ ಹತ್ತಿರ, ಉಬ್ಬರದ ಜೊತೆ ಉಪ್ಪುನೀರು ದಿನಾ ಕಂಬಕ್ಕೆ ಬಡಿಯುತ್ತದೆ. ಉಪ್ಪು ಕಾಂಕ್ರೀಟಿನೊಳಗೆ ಇಳಿದು ಕಬ್ಬಿಣಕ್ಕೆ ತುಕ್ಕು ಹಿಡಿಸಿದರೆ ಹೊರಗಿನಿಂದ ಬಹಳ ದಿನ ಗೊತ್ತೇ ಆಗುವುದಿಲ್ಲ. ಮೇಲಿನಿಂದ ಲಿಂಗನಮಕ್ಕಿ ಅಣೆಕಟ್ಟಿನ ನೀರು. ಅದರ ಪೂರ್ತಿ ಮಟ್ಟ 1819 ಅಡಿ, ಅಷ್ಟು ತುಂಬುತ್ತಾ ಬಂದು ಗೇಟು ತೆಗೆದರೆ ಗೇರುಸೊಪ್ಪ ದಾಟಿ ಕೆಳಗೆ ಬರುವ ಹೊಳೆಯ ಬಣ್ಣವೇ ಬೇರೆ. ಆ ಸೆಳೆತ ಕಂಬದ ಬುಡದ ಮರಳನ್ನು ಕೊರೆಯುತ್ತದೆ. ಇವೆರಡರ ಮೇಲೆ ದಿನವೂ ಏರುತ್ತಿರುವ ಲಾರಿಗಳ ಭಾರ. ಹಾಗಾಗಿ ಮೇಲೆ ಡಾಂಬರು ಹಾಕಿ, ರೇಲಿಂಗ್‌ಗೆ ಬಣ್ಣ ಬಳಿದರೆ ಸೇತುವೆ ರಿಪೇರಿ ಆದಂತಲ್ಲ. ನೀರಿನೊಳಗೆ ಮುಳುಗಿ ಬುಡ ನೋಡಬೇಕು. ಮಳೆಗಾಲಕ್ಕೆ ಮೊದಲು ಒಮ್ಮೆ, ಹೊಳೆ ಇಳಿದ ಮೇಲೆ ಒಮ್ಮೆ.

ಪಕ್ಕದಲ್ಲೇ ಒಳ್ಳೆಯ ಉದಾಹರಣೆ ಇದೆ. ಕೊಂಕಣ ರೈಲ್ವೆಯ ಅತಿ ಉದ್ದದ ಸೇತುವೆ ನಮ್ಮ ಶರಾವತಿಯ ಮೇಲೇ ಇದೆ, ಎರಡು ಕಿಲೋಮೀಟರ್‌ಗಿಂತ ಸ್ವಲ್ಪ ಜಾಸ್ತಿ. ಅಲ್ಲಿ ಗಾಳಿಯ ವೇಗ ಅಳೆಯುವ ಯಂತ್ರ ಇಟ್ಟಿದ್ದಾರೆ. ಇಡೀ ಕೊಂಕಣ ಮಾರ್ಗದಲ್ಲಿ ಆ ಯಂತ್ರ ಇಟ್ಟ ನಾಲ್ಕು ಜಾಗಗಳಲ್ಲಿ ಹೊನ್ನಾವರ-ಮಂಕಿ ನಡುವಿನ ಈ ಸೇತುವೆಯೂ ಒಂದು. ಮಳೆಗಾಲಕ್ಕೆ ಬೇರೆ ಟೈಮ್ ಟೇಬಲ್, ರೈಲಿಗೆ ನಿಧಾನ ವೇಗ, ರಾತ್ರಿ ಹಗಲು ಹಳಿಯ ಮೇಲೆ ಗಸ್ತು. ಒಂದೇ ಹೊಳೆ, ಅದೇ ಮಳೆ, ಅದೇ ಗಾಳಿ. ರೈಲಿನ ಸೇತುವೆಗೆ ಸಿಗುವ ಈ ಕಾಳಜಿ ರಸ್ತೆಯ ಸೇತುವೆಗೂ ಸಿಗಬೇಕಲ್ವಾ? ಸೇತುವೆಯ ಎರಡೂ ತುದಿಯಲ್ಲಿ ಒಂದೊಂದು ಬೋರ್ಡ್ ಹಾಕಿ. ಯಾವ ವರ್ಷ ಕಟ್ಟಿದ್ದು, ಎಷ್ಟು ಭಾರ ತಾಳುತ್ತದೆ, ಕೊನೆಯ ಬಾರಿ ಯಾವ ತಾರೀಕಿಗೆ ಪರೀಕ್ಷೆ ಮಾಡಿದ್ದು. ಕನ್ನಡದಲ್ಲಿ ಬರೆಯಿರಿ. ಓದಿಕೊಂಡು ನೆಮ್ಮದಿಯಿಂದ ದಾಟುತ್ತೇವೆ.

ನಮಗೆ ಈ ಸೇತುವೆ ಬರೀ ಪ್ರಯಾಣದ ಮಾತಲ್ಲ. ಉತ್ತರ ಕನ್ನಡಕ್ಕೆ ಒಂದು ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕು ಎಂದು ಜನ ಕೇಳಿ ಕೇಳಿ ಸಾಕಾಗಿದ್ದಾರೆ. ಹೃದಯಾಘಾತವಾಗಲಿ, ತಲೆಗೆ ಪೆಟ್ಟಾಗಲಿ, ಮಣಿಪಾಲಕ್ಕೋ ಮಂಗಳೂರಿಗೋ ಓಡಬೇಕು. ಕಾರವಾರ, ಅಂಕೋಲಾ, ಕುಮಟಾದ ಆಂಬುಲೆನ್ಸ್‌ಗಳೂ ನಮ್ಮ ಸರ್ಕಲ್ ದಾಟಿ, ಶರಾವತಿ ದಾಟಿಯೇ ಹೋಗಬೇಕು. 2022ರ ಜುಲೈ 20ರಂದು ಹೊನ್ನಾವರದಿಂದ ರೋಗಿಯನ್ನು ಕರೆದುಕೊಂಡು ಹೊರಟ ಆಂಬುಲೆನ್ಸ್ ಶಿರೂರು ಟೋಲ್‌ಗೇಟ್ ಹತ್ತಿರ ಮಳೆಯಲ್ಲಿ ಜಾರಿ ಮಗುಚಿ ನಾಲ್ವರು ತೀರಿಕೊಂಡರು. ಇದು ಬೈಂದೂರು ಕಡೆಯ ಶಿರೂರು, ಗುಡ್ಡ ಕುಸಿದದ್ದು ಅಂಕೋಲಾದ ಶಿರೂರು. ಎರಡೂ ಹೆಸರು ಈಗ ನಮಗೆ ಒಂದೇ ಥರ ನೋವು ಕೊಡುತ್ತವೆ. ಸರ್ಕಲ್ ಜಾಮ್ ಆದಾಗ ಆಂಬುಲೆನ್ಸ್ ಎಲ್ಲಿಂದ ನುಗ್ಗಬೇಕು ಎನ್ನುವುದು ನಕ್ಷೆಯಲ್ಲೇ ಇರಲಿ. ಕೆಲಸ ನಡೆಯುವ ಕಾಲಕ್ಕೂ ಇರಲಿ.

ಸೇತುವೆಯ ಮೇಲೆ ನಡೆಯುವವರು, ಸೈಕಲ್‌ನವರು ಇದ್ದಾರೆ ಎನ್ನುವುದನ್ನೂ ಮರೆಯಬೇಡಿ. ಕಾಸರಕೋಡಿನ ಬಂದರಿನಿಂದ ಮೀನು ತರುವವರು, ಆಚೆ ದಡದ ಮಕ್ಕಳು, ಸಂಜೆ ಗಾಳಿಗೆ ಬರುವ ಮುದುಕರು. ಎತ್ತರದ ಫುಟ್‌ಪಾತ್, ಗಟ್ಟಿ ಕಂಬಿ, ದಿನಾ ಉರಿಯುವ ಲೈಟು ಸಾಕು ಅವರಿಗೆ.

ಕೊನೆಯದಾಗಿ ನನ್ನ ಕಸುಬಿನ ಮಾತು. ಹೆದ್ದಾರಿಗೆ ಜಾಗ ಹೋದವರ ಕಾಗದಗಳೆಲ್ಲ ನನ್ನ ಮಶೀನಿನ ಕೆಳಗೆ ಹಾದುಹೋಗಿವೆ. ಪಹಣಿ, ಸರ್ವೇ ನಕ್ಷೆ, ನೋಟಿಸು, ಆಧಾರ್, ಬ್ಯಾಂಕ್ ಪಾಸ್‌ಬುಕ್ಕು. ಒಂದು ದಿನ ವಯಸ್ಸಾದವರೊಬ್ಬರು ಪೇಪರಿನಿಂದ ಕತ್ತರಿಸಿದ ಪ್ರಕಟಣೆ ತಂದರು. ಮಡಿಸಿ ಮಡಿಸಿ ಗೆರೆ ಬಿದ್ದಿತ್ತು. ಸರ್ವೇ ನಂಬರ್, ಹಿಸ್ಸಾ, ಇಷ್ಟು ಚದರ ಮೀಟರ್, ಅಷ್ಟೇ. "ತಮಾ, ಇದ್ರಲ್ಲಿ ನನ್ನ ಬಾವಿ ಹೋಗ್ತದಾ?" ಎಂದು ಕೇಳಿದರು. ನನಗೆ ಹೇಳಲು ಆಗಲಿಲ್ಲ. ಆ ಹಾಳೆಯಿಂದ ಯಾರಿಗೂ ಹೇಳಲು ಆಗುತ್ತಿರಲಿಲ್ಲ. ಪ್ರಕಟಣೆ ಬಂದು 21 ದಿನದೊಳಗೆ ತಕರಾರು ಕೊಡಬಹುದು ಎಂದು ಕಾನೂನು ಹೇಳುತ್ತದೆ. ಬಾವಿ ಹೋಗುತ್ತದೋ ಉಳಿಯುತ್ತದೋ ಗೊತ್ತಿಲ್ಲದವರು ಯಾವುದಕ್ಕೆ ತಕರಾರು ಕೊಡಬೇಕು? ಅವರು ಆ ಹಾಳೆಯ ಎರಡು ಪ್ರತಿ ತೆಗೆಸಿಕೊಂಡು ಹೋದರು. ನಾನು ದುಡ್ಡು ತಗೊಳ್ಳಲಿಲ್ಲ.

ಹೊಸ ನಕ್ಷೆ ಮಾಡುವಾಗ ಹಾಗಾಗಬಾರದು. ಸರ್ವೇ ನಂಬರ್ ಮಾತ್ರ ಸಾಲದು. ಬಸ್‌ಸ್ಟ್ಯಾಂಡ್ ಎಲ್ಲಿ, ಯಾವ ಅಂಗಡಿ, ಯಾವ ಬಾವಿ, ಯಾವ ಅರಳಿಕಟ್ಟೆ, ಜನ ಎಲ್ಲಿ ದಾಟಬೇಕು, ನೀರು ಎಲ್ಲಿಗೆ ಹೋಗುತ್ತದೆ, ಗೋಡೆಯೋ ಕಂಬವೋ, ಎಲ್ಲ ಕಾಣುವಂತೆ ಬರೆಯಿರಿ. ಪಟ್ಟಣ ಪಂಚಾಯ್ತಿಯಲ್ಲಿ ತೂಗುಹಾಕಿ. ಟೆಂಡರ್ ಕರೆಯುವ ಮೊದಲು ತೂಗುಹಾಕಿ. ಒಂದು ಸಂಜೆ ನೀವೇ ಬಂದು ವಿವರಿಸಿ. ಜನ ಬೈಯುತ್ತಾರೆ ಎಂಬ ಹೆದರಿಕೆ ಬೇಡ. ಗೊತ್ತಿಲ್ಲದಾಗ ಬೈಯುತ್ತಾರೆ, ಗೊತ್ತಾದರೆ ನಿಮಗೆ ತಿಳಿಯದ ನಾಲ್ಕು ವಿಷಯ ಹೇಳುತ್ತಾರೆ. ಯಾವ ಮೋರಿ ಎಲ್ಲಿ ಕಟ್ಟುತ್ತದೆ, ಹೊಳೆ ಯಾವ ವರ್ಷ ಎಲ್ಲಿಯ ತನಕ ಬಂದಿತ್ತು ಎನ್ನುವುದು ಆಟೊ ಸ್ಟ್ಯಾಂಡ್‌ನವರಿಗೆ, ಮೀನುಗಾರರಿಗೆ ಗೊತ್ತಿದೆ.

ನಕ್ಷೆಯ ಒಂದು ಪ್ರತಿ ನನಗೆ ಕೊಟ್ಟರೆ ಸಾಕು. ದೊಡ್ಡ ಹಾಳೆಯಲ್ಲಿ ಎಷ್ಟು ಬೇಕೋ ಅಷ್ಟು ಜೆರಾಕ್ಸ್ ನಾನೇ ಮಾಡಿ ಬಸ್‌ಸ್ಟ್ಯಾಂಡ್‌ನಲ್ಲಿ, ಮೀನು ಮಾರ್ಕೆಟ್‌ನಲ್ಲಿ, ಕಾಸರಕೋಡಿನಲ್ಲಿ ಅಂಟಿಸುತ್ತೇನೆ. ದಾಟುವವರನ್ನು ಎಣಿಸುವ ಫಾರ್ಮ್ ಕೂಡ ನಾನೇ ಮಾಡಿಟ್ಟಿದ್ದೇನೆ. ಶಾಲೆ ಮಕ್ಕಳು, ಮುದುಕರು, ತಲೆಹೊರೆಯವರು, ಕೂಸು ಎತ್ತಿಕೊಂಡವರು, ಕೋಲು ಹಿಡಿದವರು ಎಂದು ಐದು ಕಾಲಂ. ಎಣಿಸಲು ಕಾಲೇಜಿನ ಹುಡುಗರು ತಯಾರಿದ್ದಾರೆ. ಯಾವ ದಿನ ಬರುತ್ತೀರಿ ಎಂದು ತಿಳಿಸಿ. ಶಾಲೆ ಬಿಡುವ ಹೊತ್ತಿಗೆ ಬನ್ನಿ.

ಇಂತಿ,
ಹೊನ್ನಾವರದ ಒಬ್ಬ ಜೆರಾಕ್ಸ್ ಅಂಗಡಿಯವ